ಬಿಎಫ್‌ಎ ತಗೋಬೇಕಾ, ಬಿಎ ಸಾಕಾ? ಅಮೆರಿಕದ ಕಾಲೇಜುಗಳಲ್ಲಿ ಡ್ಯಾನ್ಸ್ ಓದಲು ಹೊರಟವರಿಗೆ

ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, "ಅಮ್ಮಾ, ನಾನು ಕಾಲೇಜಲ್ಲಿ ಡ್ಯಾನ್ಸೇ ಓದ್ತೀನಿ" ಅಂದಳು. ನಾವು ಅಮೆರಿಕಕ್ಕೆ ಬಂದು ಎಷ್ಟೋ ವರ್ಷವಾಗಿದೆ. ಇಲ್ಲಿ ಎಂಜಿನಿಯರಿಂಗ್‌ಗೆ ಹೇಗೆ ಅರ್ಜಿ ಹಾಕಬೇಕು ಅಂತ ಕೇಳಿದರೆ ಹೇಳುವ ಸ್ನೇಹಿತರು ಹತ್ತು ಮಂದಿ ಸಿಗುತ್ತಾರೆ. ಡ್ಯಾನ್ಸ್ ಬಗ್ಗೆ ಹೇಳುವವರು ನಮಗೆ ಒಬ್ಬರೂ ಸಿಗಲಿಲ್ಲ. ಒಂದೂವರೆ ವರ್ಷ ಅವಳ ಜೊತೆ ಓಡಾಡಿ ನಾನು ಕಲಿತದ್ದು ಇಲ್ಲಿದೆ. ಅವಳು ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ಬ್ಯಾಲೆ ಶುರು ಮಾಡಿದ್ದು ತಡವಾಗಿ. ಹಾಗಾಗಿ ಆ ದಾರಿಯಲ್ಲಿ ಬರುವ ಮಕ್ಕಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಹೆಸರು ನೋಡುವ ಮೊದಲು ಅಲ್ಲಿನ ಮೂರನೇ ವರ್ಷದ ಮಕ್ಕಳ ಒಂದು ವಾರದ ಟೈಮ್‌ಟೇಬಲ್ ಕೇಳಿ ತರಿಸಿಕೊಳ್ಳಿ. ಮೊದಲ ವರ್ಷದ್ದು ಬೇಡ. ಎಲ್ಲ ಕಡೆಯೂ ಅದು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೂರನೇ ವರ್ಷದಲ್ಲಿ ದಿನಕ್ಕೆ ಎಷ್ಟು ಗಂಟೆ ಡ್ಯಾನ್ಸ್, ಎಷ್ಟು ಗಂಟೆ ಓದು, ರಾತ್ರಿ ರಿಹರ್ಸಲ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದೆಲ್ಲ ಒಂದೇ ಹಾಳೆಯಲ್ಲಿ ಕಾಣುತ್ತದೆ. ಅದನ್ನು ಮಗುವಿನ ಮುಂದಿಟ್ಟು, "ಈ ವಾರ ನಿಂಗೆ ಇಷ್ಟ ಆಗುತ್ತಾ?" ಅಂತ ಕೇಳಿ. ನಮ್ಮ ಪಟ್ಟಿಯಲ್ಲಿದ್ದ ಮೂರು ದೊಡ್ಡ ಹೆಸರುಗಳು ಈ ಒಂದು ಪ್ರಶ್ನೆಗೇ ಬಿದ್ದುಹೋದವು.

ಎರಡು ಪದವಿ, ಎರಡು ಥರದ ದಿನ

ಬಿಎಫ್‌ಎ ಅಂದರೆ ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್. ಬಿಎ ನಮಗೆಲ್ಲ ಗೊತ್ತಿರುವುದೇ. ಎರಡಕ್ಕೂ ನಾಲ್ಕು ವರ್ಷ. ಆದರೆ ಒಳಗಿನ ಲೆಕ್ಕ ಬೇರೆ.

ಇಲ್ಲಿನ ಡ್ಯಾನ್ಸ್ ವಿಭಾಗಗಳಿಗೆ ಮಾನ್ಯತೆ ಕೊಡಲು ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ಸ್ ಆಫ್ ಡ್ಯಾನ್ಸ್ ಅನ್ನುವ ಸಂಸ್ಥೆ ಇದೆ. 1981ರಲ್ಲಿ ಶುರುವಾದದ್ದು. ಅದರ ನಿಯಮದ ಪ್ರಕಾರ ಬಿಎಫ್‌ಎಯಲ್ಲಿ ಶೇ. 65ರಷ್ಟಾದರೂ ಕ್ರೆಡಿಟ್ (ಓದಿದ ಪಾಠಗಳನ್ನು ಲೆಕ್ಕ ಹಾಕುವ ಅಳತೆ) ಡ್ಯಾನ್ಸಿಗೆ ಹೋಗಬೇಕು. ಬಿಎಯಲ್ಲಿ ಅದು ಶೇ. 30ರಿಂದ 45. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅಂದರೆ ಬಿಎಫ್‌ಎಯಲ್ಲಿ 78 ಕ್ರೆಡಿಟ್ ಡ್ಯಾನ್ಸ್ ಆದರೆ, ಉಳಿದ ಎಲ್ಲ ವಿಷಯ ಸೇರಿ 42. ಬಿಎಯಲ್ಲಿ ಡ್ಯಾನ್ಸಿಗೆ 36ರಿಂದ 54. ಉಳಿದದ್ದರಲ್ಲಿ ಇನ್ನೊಂದು ವಿಷಯವನ್ನು ಪೂರ್ತಿಯಾಗಿ ಓದಲು ಜಾಗ ಇರುತ್ತದೆ. ಆ ಸಂಸ್ಥೆಗೆ ಸೇರದ ಒಳ್ಳೆಯ ಕಾಲೇಜುಗಳೂ ಇವೆ. ಆದರೂ ಅಳೆದು ನೋಡಲು ಈ ಲೆಕ್ಕ ಅನುಕೂಲ.

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಡ್ಯಾನ್ಸಿಗೆ ಮೊದಲು ಪದವಿ ಕೊಡಲು ಶುರು ಮಾಡಿದ್ದು ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, 1926ರಲ್ಲಿ. ಅದು ಹುಟ್ಟಿದ್ದು ಹೆಣ್ಣುಮಕ್ಕಳ ದೈಹಿಕ ಶಿಕ್ಷಣ ವಿಭಾಗದ ಒಳಗೆ. ದೇಹ ಹೇಗೆ ಕೆಲಸ ಮಾಡುತ್ತದೆ, ಚಲನೆಯಿಂದ ಮನುಷ್ಯ ಏನು ಕಲಿಯುತ್ತಾನೆ ಅನ್ನುವುದೇ ಅಲ್ಲಿ ಮುಖ್ಯವಾಗಿತ್ತು. ಇನ್ನೊಂದು ಕಡೆ, 1951ರಲ್ಲಿ ಮಾರ್ಥಾ ಹಿಲ್ ಅವರು ನ್ಯೂಯಾರ್ಕ್‌ನ ಜೂಲಿಯಾರ್ಡ್ ಕಲಾ ಶಾಲೆಯಲ್ಲಿ ಡ್ಯಾನ್ಸ್ ವಿಭಾಗ ಕಟ್ಟಿದರು. ಅಲ್ಲಿನ ಉದ್ದೇಶ ವೇದಿಕೆಗೆ ಕಲಾವಿದರನ್ನು ತಯಾರು ಮಾಡುವುದು. ಇವತ್ತಿಗೂ ಹೆಚ್ಚಿನ ಕಾಲೇಜುಗಳು ಈ ಎರಡರಲ್ಲಿ ಒಂದರ ಕಡೆ ವಾಲಿರುತ್ತವೆ. ಯಾವ ಕಡೆ ಅಂತ ಟೈಮ್‌ಟೇಬಲ್ ನೋಡಿದರೆ ತಿಳಿಯುತ್ತದೆ.

ಬಿಎಫ್‌ಎ ಯಾರಿಗೆ? ಬೆಳಿಗ್ಗೆ ಎದ್ದ ತಕ್ಷಣ ಟೆಕ್ನಿಕ್ ಕ್ಲಾಸ್ (ದೇಹವನ್ನು ಪಳಗಿಸುವ ಅಭ್ಯಾಸದ ಕ್ಲಾಸ್), ಮಧ್ಯಾಹ್ನ ಇನ್ನೊಂದು, ಸಂಜೆ ರಿಹರ್ಸಲ್. ವಾರದಲ್ಲಿ ಐದಾರು ದಿನ ಹೀಗೆ. ಇದನ್ನು ಓದುವಾಗಲೇ ಖುಷಿಯಾಗುವ ಮಗುವಿಗೆ ಬಿಎಫ್‌ಎ ಸರಿ. ಪದವಿ ಮುಗಿದ ಕೂಡಲೇ ಡ್ಯಾನ್ಸ್ ಕಂಪನಿಗಳ, ಅಂದರೆ ವೃತ್ತಿಪರ ತಂಡಗಳ ಆಡಿಷನ್‌ಗೆ ಹೋಗುವ ಆಸೆ ಇದ್ದರೆ ದೇಹ ಗಟ್ಟಿಯಾಗಿರುವ ಈ ವರ್ಷಗಳನ್ನು ತರಬೇತಿಗೆ ಕೊಡಲೇಬೇಕು. ಆದರೆ ಬಿಎಫ್‌ಎ ಜೊತೆ ಎರಡನೇ ಮೇಜರ್ (ಪದವಿಯ ಮುಖ್ಯ ವಿಷಯ) ಮಾಡುವುದು ತುಂಬಾ ಕಷ್ಟ. "ಆಗುತ್ತೆ, ಆಗುತ್ತೆ" ಅಂತ ಅಡ್ಮಿಷನ್ ಆಫೀಸಿನಲ್ಲಿ ಹೇಳುತ್ತಾರೆ. ಹಾಗೆ ಮಾಡುತ್ತಿರುವ ವಿದ್ಯಾರ್ಥಿಯೊಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಕೆಮಿಸ್ಟ್ರಿ ಲ್ಯಾಬ್ ಮಧ್ಯಾಹ್ನ, ಟೆಕ್ನಿಕ್ ಕ್ಲಾಸೂ ಮಧ್ಯಾಹ್ನ. ಎರಡರಲ್ಲಿ ಒಂದನ್ನು ಬಿಡಲೇಬೇಕಾಗುತ್ತದೆ, ಅಲ್ವಾ?

ಬಿಎ ಅಂದರೆ ಎರಡನೇ ದರ್ಜೆ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನಲ್ಲಿ ಸಿಗುವುದು ಬಿಎ ಪದವಿ. ಡ್ಯಾನ್ಸ್ ಮೇಜರ್ ಮಾಡಲು ಅಲ್ಲಿ ಆಡಿಷನ್ನೇ ಇಲ್ಲ. ಓದಿನ ಆಧಾರದ ಮೇಲೆ ಸೀಟು ಸಿಕ್ಕಿದರೆ ಸಾಕು. ಆದರೆ ಆ ಊರಿನಲ್ಲಿ ಕುಣಿಯುವ, ಕಲಿಸುವ ಕಲಾವಿದರೇ ಕ್ಲಾಸಿಗೆ ಬಂದು ಪಾಠ ಮಾಡುತ್ತಾರೆ. ಡ್ಯಾನ್ಸ್ ಜೊತೆಗೆ ಮನಃಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಯಾವುದಾದರೂ ಒಂದನ್ನು ಅಷ್ಟೇ ಪ್ರೀತಿಯಿಂದ ಓದುವ ಮಗುವಿಗೆ ನಾನಾದರೆ ಬಿಎ ಅಂತಲೇ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಬಿಎ ಕೊಡುವ ಕಾಲೇಜಿನಲ್ಲಿ ಮೇಲಿನ ಹಂತದ ಟೆಕ್ನಿಕ್ ಕ್ಲಾಸ್ ವಾರಕ್ಕೆ ಎಷ್ಟು ಸಲ ಇದೆ ಅಂತ ಕೇಳಿ. ಎರಡೇ ಸಲ ಅಂದರೆ ಮಗು ಬಂದ ಹಂತದಿಂದ ಕೆಳಗಿಳಿಯುತ್ತದೆ.

ಈ ಎರಡರ ನಡುವೆಯೂ ದಾರಿಗಳಿವೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಬ್ಯಾಲೆಗೆ ಕೊಡುವುದು ಬ್ಯಾಚುಲರ್ ಆಫ್ ಸೈನ್ಸ್. ಜೊತೆಗೆ ಹೊರಗಿನ ಒಂದು ವಿಷಯ ತೆಗೆದುಕೊಳ್ಳಬೇಕು. ಬಟ್ಲರ್ ವಿಶ್ವವಿದ್ಯಾಲಯದಲ್ಲಿ ಕುಣಿಯುವವರಿಗೆ ಬಿಎಫ್‌ಎ, ಕಲಿಸುವವರಿಗೆ ಬಿಎ, ಕಲಾ ಆಡಳಿತ ಓದುವವರಿಗೆ ಬಿಎಸ್ ಅಂತ ಮೂರು ಬೇರೆ ಬೇರೆ ಪದವಿ. ನ್ಯೂಯಾರ್ಕ್‌ನ ಅಲ್ವಿನ್ ಏಲಿ ಡ್ಯಾನ್ಸ್ ಶಾಲೆ ಮತ್ತು ಫೋರ್ಡಮ್ ವಿಶ್ವವಿದ್ಯಾಲಯ 1998ರಿಂದ ಸೇರಿ ಒಂದು ಬಿಎಫ್‌ಎ ನಡೆಸುತ್ತಿವೆ. ಓದು ಫೋರ್ಡಮ್‌ನಲ್ಲಿ, ಕುಣಿತ ಏಲಿ ಶಾಲೆಯಲ್ಲಿ.

ಹದಿನೆಂಟಕ್ಕೇ ಕಂಪನಿಯಲ್ಲಿ ಜಾಗ ಸಿಕ್ಕಿದ ಬ್ಯಾಲೆ ಮಕ್ಕಳು ಕಾಲೇಜನ್ನು ಮುಂದಕ್ಕೆ ಹಾಕುವುದೂ ಇದೆ. ಅವರಿಗಾಗಿಯೇ ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಕಾಲೇಜು 1999ರಲ್ಲಿ ಲೀಪ್ ಅನ್ನುವ ಬಿಎ ಶುರು ಮಾಡಿತು. ಕುಣಿಯುತ್ತಲೇ ಪದವಿ ಮುಗಿಸಬಹುದು. ಹಾಗಾಗಿ ಈಗ ಕಾಲೇಜು ಬಿಟ್ಟರೆ ಮುಂದೆಂದೂ ಇಲ್ಲ ಅಂತ ಹೆದರಬೇಕಾಗಿಲ್ಲ.

ಕನ್ಸರ್ವೇಟರಿಯೋ, ದೊಡ್ಡ ವಿಶ್ವವಿದ್ಯಾಲಯವೋ

ಬಿಎಫ್‌ಎ ಅಂತ ನಿರ್ಧಾರ ಮಾಡಿದ ಮೇಲೆ ಬರುವ ಪ್ರಶ್ನೆ ಇದು. ಕನ್ಸರ್ವೇಟರಿ ಅಂದರೆ ಕಲೆಗಾಗಿಯೇ ಇರುವ ಶಾಲೆ. ಅಲ್ಲಿ ಸುತ್ತಮುತ್ತ ಇರುವವರೆಲ್ಲ ಕಲಾವಿದರೇ. ಜೂಲಿಯಾರ್ಡ್ ಡ್ಯಾನ್ಸಿಗೆ ವರ್ಷಕ್ಕೆ ತೆಗೆದುಕೊಳ್ಳುವುದೇ ಸುಮಾರು 24 ಮಂದಿಯನ್ನು. ಅಷ್ಟು ಚಿಕ್ಕ ಗುಂಪಿನಲ್ಲಿ ಪ್ರತಿ ಟೀಚರಿಗೂ ನಿಮ್ಮ ಮಗುವಿನ ಮೊಣಕಾಲಿನ ದೌರ್ಬಲ್ಯವೂ ಗೊತ್ತಿರುತ್ತದೆ. ಅದೇ ಗುಂಪಿನಲ್ಲಿ ನಾಲ್ಕು ವರ್ಷ ಕಳೆಯಬೇಕು ಅನ್ನುವುದೂ ನಿಜ. ಸರ್ಕಾರಿ ಕನ್ಸರ್ವೇಟರಿಗಳನ್ನು ನಮ್ಮವರು ಮರೆಯುತ್ತಾರೆ. ವಿನ್‌ಸ್ಟನ್-ಸೇಲಂನಲ್ಲಿರುವ ನಾರ್ತ್ ಕ್ಯಾರೊಲೈನಾ ಕಲಾ ಶಾಲೆ 1963ರಲ್ಲಿ ಆ ರಾಜ್ಯವೇ ಕಟ್ಟಿದ್ದು. ನ್ಯೂಯಾರ್ಕ್ ರಾಜ್ಯದ ಪರ್ಚೇಸ್ ಕಾಲೇಜೂ ಸರ್ಕಾರಿಯೇ. ಆಯಾ ರಾಜ್ಯದವರಿಗೆ ಫೀಸು ಕಡಿಮೆ.

ದೊಡ್ಡ ವಿಶ್ವವಿದ್ಯಾಲಯದಲ್ಲಿ ಲೈಬ್ರರಿ, ಆಸ್ಪತ್ರೆ, ಬೇರೆ ವಿಭಾಗದ ಗೆಳೆಯರು ಎಲ್ಲ ಇರುತ್ತದೆ. ಮನಸ್ಸು ಬದಲಾದರೆ ಅಲ್ಲೇ ಬೇರೆ ಮೇಜರ್‌ಗೆ ಹೋಗಬಹುದು. ಹತ್ತೊಂಬತ್ತರ ವಯಸ್ಸಿನಲ್ಲಿ ಕಾಲಿಗೆ ದೊಡ್ಡ ಪೆಟ್ಟಾದರೆ ಈ ಒಂದು ಅನುಕೂಲ ಎಷ್ಟು ದೊಡ್ಡದು ಅಂತ ತಾಯಿಯಾದ ನನಗೆ ಆಗಾಗ ಅನ್ನಿಸುತ್ತಿತ್ತು.

ವಿಭಾಗದ ರುಚಿಯನ್ನೂ ನೋಡಿ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಬ್ಯಾಲೆ, ಮಾಡರ್ನ್, ಜಾಜ್ ಮೂರಕ್ಕೂ ಸಮಾನ ಜಾಗ. ಏಲಿ ಶಾಲೆಯಲ್ಲಿ ಮಾಡರ್ನ್ ಡ್ಯಾನ್ಸಿನ ಹಾರ್ಟನ್ ಮತ್ತು ಗ್ರಹಾಂ ಪದ್ಧತಿಗಳು ಮುಖ್ಯ. ಪಿಟ್ಸ್‌ಬರ್ಗ್‌ನ ಪಾಯಿಂಟ್ ಪಾರ್ಕ್‌ನಲ್ಲಿ ಜಾಜ್ ಗಟ್ಟಿ. "ಒಳ್ಳೆಯ ಕಾಲೇಜು" ಅನ್ನುವುದು ಯಾವ ಡ್ಯಾನ್ಸಿಗೆ ಅನ್ನುವುದರ ಮೇಲೆ ನಿಂತಿದೆ.

ಇನ್ನೊಂದು ವಿಷಯ 2024ರ ನಂತರ ಎಲ್ಲರೂ ನೋಡಲೇಬೇಕಾದದ್ದು. ಕಾಲೇಜು ಹಣಕಾಸಿನಲ್ಲಿ ಗಟ್ಟಿಯಾಗಿದೆಯಾ? ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಡ್ಯಾನ್ಸಿಗೆ ಹೆಸರಾಗಿದ್ದ ಜಾಗ. 2024ರ ಮೇ 31ರಂದು ಮುಚ್ಚುತ್ತೇವೆ ಅನ್ನುವ ಸುದ್ದಿ ಹೊರಬಂತು. ಜೂನ್ 7ಕ್ಕೆ ಮುಚ್ಚಿಯೇ ಹೋಯಿತು. ಒಂದೇ ವಾರ. ಅಲ್ಲಿನ ಡ್ಯಾನ್ಸ್ ಮಕ್ಕಳಲ್ಲಿ ಕೆಲವರಿಗೆ ಬೆನ್ನಿಂಗ್ಟನ್ ಕಾಲೇಜು ಜಾಗ ಕೊಟ್ಟಿತು. ಕಾಲೇಜಿನ ಮಾನ್ಯತೆ ಯಾವ ಸ್ಥಿತಿಯಲ್ಲಿದೆ ಅನ್ನುವುದು ಮಾನ್ಯತೆ ಕೊಡುವ ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುತ್ತದೆ. ಹತ್ತು ನಿಮಿಷದ ಕೆಲಸ. ದಯವಿಟ್ಟು ನೋಡಿ.

ಭರತನಾಟ್ಯ ಕಲಿತ ಮಕ್ಕಳು

ಹೆಚ್ಚಿನ ಆಡಿಷನ್‌ಗಳಲ್ಲಿ ಮೊದಲು ಬ್ಯಾಲೆ ಕ್ಲಾಸ್, ಆಮೇಲೆ ಮಾಡರ್ನ್ ಕ್ಲಾಸ್, ಕೊನೆಗೆ ಸೋಲೊ. ಹದಿಮೂರು ವರ್ಷ ಅಡವು ಮಾಡಿದ ಮಗುವೂ ಬ್ಯಾಲೆ ಬಾರ್ ಹಿಡಿದು ನಿಂತಾಗ ಹೊಸಬಳ ಹಾಗೆಯೇ ಕಾಣುತ್ತಾಳೆ. ಅರೆಮಂಡಿಯಲ್ಲಿ ತೊಡೆ ಹೊರಕ್ಕೆ ತಿರುಗಿರುತ್ತದೆ, ಬೆನ್ನು ನೇರ. ಅದು ಸಹಾಯಕ್ಕೆ ಬರುತ್ತದೆ. ಆದರೆ ನಮ್ಮ ಭಾರ ನೆಲದ ಕಡೆ. ಕೂತೇ ಕುಣಿಯುತ್ತೇವೆ. ಬ್ಯಾಲೆಯಲ್ಲಿ ಪ್ಲಿಯೇ, ಅಂದರೆ ಮೊಣಕಾಲು ಬಗ್ಗಿಸುವುದು, ಮೇಲೇಳುವುದಕ್ಕೆ. ಮಾಡರ್ನ್‌ನಲ್ಲಿ ನೆಲಕ್ಕೆ ಬೀಳಬೇಕು, ಉರುಳಬೇಕು. ನೇರ ಬೆನ್ನಿನ ಅಭ್ಯಾಸವಿರುವವರಿಗೆ ಹೊಟ್ಟೆ ಒಳಗೆಳೆದು ಬೆನ್ನು ಬಾಗಿಸುವುದೇ ಮೊದಲು ಕಷ್ಟ.

ಹಾಗಾಗಿ ಎರಡು ದಾರಿ. ಕಟ್ಟುನಿಟ್ಟಾದ ಬಿಎಫ್‌ಎ ಬೇಕು ಅಂದರೆ ಕನಿಷ್ಠ ಎರಡು ಮೂರು ವರ್ಷ ಮೊದಲೇ ಬ್ಯಾಲೆ, ಮಾಡರ್ನ್ ಎರಡನ್ನೂ ಶುರು ಮಾಡಬೇಕು. ಆರು ತಿಂಗಳಲ್ಲಿ ಆಗುವ ಕೆಲಸ ಅಲ್ಲ. ಇನ್ನೊಂದು ದಾರಿ, ಭರತನಾಟ್ಯವನ್ನೂ ಡ್ಯಾನ್ಸ್ ಅಂತಲೇ ಓದಿಸುವ ವಿಭಾಗ ಹುಡುಕುವುದು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1962ರಲ್ಲೇ ಭರತನಾಟ್ಯದ ಹೆಸರಾಂತ ಕಲಾವಿದೆ ಟಿ. ಬಾಲಸರಸ್ವತಿ ಅವರು ಪಾಠ ಮಾಡಿದ್ದರು. ಆ ನಂಟು ಅಲ್ಲಿ ಇವತ್ತಿಗೂ ಇದೆ. ಅಲ್ಲಿ ಸಿಗುವುದೂ ಬಿಎ. ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ವಿಭಾಗದ ಹೆಸರೇ ವರ್ಲ್ಡ್ ಆರ್ಟ್ಸ್ ಅಂಡ್ ಕಲ್ಚರ್ಸ್/ಡ್ಯಾನ್ಸ್, ಅಂದರೆ ಜಗತ್ತಿನ ಕಲೆ, ಸಂಸ್ಕೃತಿ ಮತ್ತು ಡ್ಯಾನ್ಸ್. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಅನನ್ಯಾ ಚಟರ್ಜಿಯಾ ಅವರು ಪ್ರೊಫೆಸರ್. ಭಾರತೀಯ ನೃತ್ಯದಿಂದ ಹೊಸ ಭಾಷೆ ಕಟ್ಟಿ, 2004ರಲ್ಲಿ ತಮ್ಮದೇ ತಂಡ ಮಾಡಿದವರು. ಇಂಥ ಕಡೆ ಮಗು ತಾನು ಕಲಿತದ್ದನ್ನು ಮುಚ್ಚಿಟ್ಟುಕೊಂಡು ಒಳಗೆ ಹೋಗಬೇಕಾಗಿಲ್ಲ.

ಆದರೆ ಬ್ಯಾಲೆ ಜಾಸ್ತಿ ಇರುವ ಕಾಲೇಜಿಗೆ ಹೋದರೂ ಭರತನಾಟ್ಯವನ್ನು ಮರೆಮಾಚಬೇಡಿ. ನಾವು ಮೊದಲು ಆ ತಪ್ಪು ಮಾಡಿದೆವು. ರೆಸ್ಯೂಮೆಯಲ್ಲಿ ಬ್ಯಾಲೆ ಮೇಲೆ, ಭರತನಾಟ್ಯ ಕೊನೆಯ ಸಾಲು. ಸೋಲೊ ಕೂಡ ಕಂಟೆಂಪರರಿ. ಆಡಿಷನ್‌ನಲ್ಲಿ ಅವಳ ಹಾಗೆಯೇ, ಅವಳಿಗಿಂತ ಚೆನ್ನಾಗಿ ಅದೇ ಥರದ ಸೋಲೊ ಮಾಡುವವರು ಮೂವತ್ತು ಮಂದಿ ಇದ್ದರು. ಎರಡನೇ ಕಾಲೇಜಿಗೆ ಹೋಗುವಾಗ ಸೋಲೊ ಬದಲಾಯಿಸಿದಳು. ಒಂದು ಜತಿ (ತಾಳದ ಸೊಲ್ಲುಗಳಿಗೆ ಹಾಕುವ ಹೆಜ್ಜೆ), ಅದರಿಂದ ನಿಧಾನವಾಗಿ ನೆಲಕ್ಕೆ ಇಳಿಯುವ ಚಲನೆ, ಕೊನೆಗೆ ಬರೀ ಕಣ್ಣು ಮತ್ತು ಒಂದು ಕೈ. ಅಲ್ಲಿನ ಟೀಚರುಗಳು ಪ್ರಶ್ನೆ ಕೇಳಲು ಶುರು ಮಾಡಿದರು.

ಇಂಪ್ರೊವೈಸೇಷನ್ ಮಾಡಿ, ಅಂದರೆ ಆಗಿಂದಾಗಲೇ ಕಟ್ಟಿ ಕುಣಿಯಿರಿ ಅಂದಾಗಲೂ ನಮ್ಮ ಮಕ್ಕಳು ಹೆದರಬೇಕಾಗಿಲ್ಲ. ಪದ ಅನ್ನುವ ಅಭಿನಯದ ಹಾಡಿನ ಒಂದೇ ಸಾಲನ್ನು ಹತ್ತು ಥರ ಅಭಿನಯಿಸುವ ಅಭ್ಯಾಸ ಇರುವವರಿಗೆ ಅದು ಹೊಸದಲ್ಲ.

ವಿಡಿಯೊ, ಕ್ಯಾಂಪಸ್, ಪ್ರಾದೇಶಿಕ ಆಡಿಷನ್

ಈಗ ಬಹಳ ಕಡೆ ಮೊದಲು ವಿಡಿಯೊ ಕೇಳುತ್ತಾರೆ. ಅಕ್ಸೆಪ್ಟ್‌ಡ್ ಅಥವಾ ಸ್ಲೈಡ್‌ರೂಮ್ ಅನ್ನುವ ವೆಬ್‌ಸೈಟಿನ ಮೂಲಕ ಕಳಿಸಬೇಕು. ಅದರಲ್ಲಿ ಪಾಸಾದವರನ್ನು ಮಾತ್ರ ಕರೆಯುತ್ತಾರೆ. ಕೆಲವು ಕಡೆ ವಿಡಿಯೊ ಮೇಲೆಯೇ ತೀರ್ಮಾನ. ಕೆಲವು ಕಾಲೇಜುಗಳು ಬೇರೆ ಬೇರೆ ನಗರಗಳಿಗೆ ತಾವೇ ಬಂದು ಆಡಿಷನ್ ನಡೆಸುತ್ತವೆ.

ರಂಗಪ್ರವೇಶದ ವಿಡಿಯೊದಿಂದ ಒಂದು ತುಂಡು ಕತ್ತರಿಸಿ ಕಳಿಸೋಣ ಅಂತ ಎಲ್ಲ ಅಪ್ಪ ಅಮ್ಮಂದಿರಿಗೂ ಅನ್ನಿಸುತ್ತದೆ. ಬೇಡ. ಪೂರ್ತಿ ಅಲಂಕಾರ, ಒಡವೆ, ಬಣ್ಣದ ದೀಪ, ದೂರದಿಂದ ಹಿಡಿದ ಕ್ಯಾಮೆರಾ. ಇದರಲ್ಲಿ ಮೊಣಕಾಲು ಎಲ್ಲಿದೆ, ಪಾದ ಹೇಗೆ ಇಡುತ್ತಾಳೆ ಅನ್ನುವುದು ಕಾಣುವುದಿಲ್ಲ. ನೋಡುವವರಿಗೆ ಬೇಕಾದದ್ದು ದೇಹ. ಮೈಗಂಟುವ ಒಂದೇ ಬಣ್ಣದ ಬಟ್ಟೆ, ಕಟ್ಟಿದ ಕೂದಲು, ಖಾಲಿ ಗೋಡೆ, ಚೆನ್ನಾದ ಬೆಳಕು. ತಲೆಯಿಂದ ಪಾದದವರೆಗೆ ಯಾವಾಗಲೂ ಫ್ರೇಮಿನಲ್ಲಿರಬೇಕು. ನಮ್ಮ ಮೊದಲ ವಿಡಿಯೊದಲ್ಲಿ ನಾನು ಮುಖ ಕಾಣಲಿ ಅಂತ ಹತ್ತಿರ ಹೋಗಿ ಹಿಡಿದಿದ್ದೆ. ಪಾದವೇ ಇರಲಿಲ್ಲ. ಪೂರ್ತಿ ಮತ್ತೆ ಮಾಡಬೇಕಾಯಿತು. ಸೋಲೊ ಸಾಮಾನ್ಯವಾಗಿ ಒಂದರಿಂದ ಎರಡು ನಿಮಿಷ. ಕಾಲೇಜು ಹೇಳಿದ ಸಮಯಕ್ಕಿಂತ ಒಂದು ಸೆಕೆಂಡೂ ಮೀರಬೇಡಿ. ಮುಖ್ಯವಾದದ್ದು ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಬರಲಿ.

ಮೂರರಲ್ಲಿ ಯಾವುದು ಮೇಲು? ಎಲ್ಲ ಕಡೆಗೂ ಪ್ರಯಾಣ ಮಾಡಲು ಯಾರಿಗೂ ಆಗುವುದಿಲ್ಲ. ಮನಸ್ಸಿಗೆ ತೀರಾ ಹತ್ತಿರವಾದ ಎರಡು ಕಾಲೇಜಿಗೆ ಕ್ಯಾಂಪಸ್‌ಗೇ ಹೋಗಿ. ಉಳಿದವಕ್ಕೆ ವಿಡಿಯೊ ಅಥವಾ ಹತ್ತಿರದ ನಗರದ ಆಡಿಷನ್ ಸಾಕು. ಕ್ಯಾಂಪಸ್‌ನಲ್ಲಿ ಕಾಣುವುದು ಬೇರೆಲ್ಲೂ ಕಾಣುವುದಿಲ್ಲ. ಸ್ಟುಡಿಯೊ ನೆಲ ಮರದ್ದಾ, ಕೆಳಗೆ ಸ್ಪ್ರಿಂಗಿನ ಹಾಗೆ ಬಗ್ಗುತ್ತದಾ, ಅಥವಾ ಕಾಂಕ್ರೀಟ್ ಮೇಲೆ ಹಾಸಿದ್ದಾರಾ? ನಾಲ್ಕು ವರ್ಷ ಕಾಲು ತಟ್ಟುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ಫಿಸಿಯೊಥೆರಪಿಸ್ಟ್ ಇದ್ದಾರಾ, ವಾರಕ್ಕೆ ಎಷ್ಟು ದಿನ ಬರುತ್ತಾರೆ ಅಂತಲೂ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಡಿಷನ್ ಕ್ಲಾಸ್. ಅಲ್ಲಿ ಪರೀಕ್ಷೆ ಎರಡು ಕಡೆಗೂ ನಡೆಯುತ್ತದೆ. ಟೀಚರ್ ಒಂದು ತಿದ್ದುಪಡಿ ಹೇಳಿದಾಗ ಮಗು ತಕ್ಷಣ ಅದನ್ನು ದೇಹಕ್ಕೆ ತಂದುಕೊಳ್ಳುತ್ತದಾ ಅಂತ ಅವರು ನೋಡುತ್ತಾರೆ. ಕಾಲು ಎಷ್ಟು ಎತ್ತರಕ್ಕೆ ಹೋಯಿತು ಅನ್ನುವುದಕ್ಕಿಂತ ಇದನ್ನೇ ಜಾಸ್ತಿ ನೋಡುತ್ತಾರೆ ಅಂತ ಮಗಳಿಗೆ ಒಂದಕ್ಕಿಂತ ಹೆಚ್ಚು ಕಡೆ ಹೇಳಿದರು. ಹಾಗೆಯೇ ಮಗುವೂ ನೋಡಬೇಕು. ಆ ಟೀಚರ್ ತಪ್ಪಿದವರನ್ನು ಹೇಗೆ ತಿದ್ದುತ್ತಾರೆ? ಹಿಂದಿನ ಸಾಲಿನವರ ಕಡೆ ಬರುತ್ತಾರಾ? ಕ್ಲಾಸಿಗೆ ಸಹಾಯ ಮಾಡುವ ಅಲ್ಲಿನ ವಿದ್ಯಾರ್ಥಿಗಳ ಮುಖದಲ್ಲಿ ಸುಸ್ತು ಮಾತ್ರ ಇದೆಯಾ, ಖುಷಿಯೂ ಇದೆಯಾ? ಮಗಳು ಪ್ರತಿ ಆಡಿಷನ್ ಆದ ಮೇಲೆ ಕಾರಿನಲ್ಲೇ ಕೂತು ಇದನ್ನು ಬರೆದಿಡುತ್ತಿದ್ದಳು. ಏಪ್ರಿಲ್‌ನಲ್ಲಿ ಕಾಲೇಜು ಆರಿಸುವಾಗ ಹಾಗೆ ಬರೆದಿಟ್ಟ ಪುಸ್ತಕವೇ ನಮಗೆ ಜಾಸ್ತಿ ಉಪಯೋಗಕ್ಕೆ ಬಂತು.

ಕೆಲವು ಕಡೆ ಬ್ಯಾಲೆ ಕ್ಲಾಸ್ ಮುಗಿದ ಕೂಡಲೇ ಅರ್ಧಕ್ಕರ್ಧ ಮಂದಿಯನ್ನು ಮನೆಗೆ ಕಳಿಸುತ್ತಾರೆ. ಸೋಲೊ ಮಾಡುವ ಅವಕಾಶವೇ ಸಿಗುವುದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿ. ಸೋಲೊ ಎಲ್ಲರದನ್ನೂ ನೋಡುವ ಕಾಲೇಜುಗಳೂ ಇವೆ. ಭರತನಾಟ್ಯದ ಮಕ್ಕಳಿಗೆ ಅವೇ ಒಳ್ಳೆಯದು.

ಅರ್ಜಿ ಮತ್ತು ಹಣ

ಸಾಮಾನ್ಯವಾಗಿ ಎರಡು ಅರ್ಜಿ: ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ಡ್ಯಾನ್ಸ್ ವಿಭಾಗಕ್ಕೆ. ಕೊನೆಯ ದಿನಾಂಕ ಬೇರೆ ಬೇರೆ ಇರಬಹುದು. ಬಹಳ ಕಡೆ ಎರಡರಲ್ಲೂ ಪಾಸಾಗಬೇಕು. ಡ್ಯಾನ್ಸ್ ವಿಭಾಗ ಬೇಕು ಅಂದರೂ ಮಾರ್ಕ್ಸ್ ಸಾಲದೆ ಸೀಟು ತಪ್ಪುವುದುಂಟು. ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ವೆಬ್‌ಸೈಟ್) ಆಗಸ್ಟ್ 1ಕ್ಕೆ ತೆರೆಯುತ್ತದೆ. ಆಡಿಷನ್‌ಗಳು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ. ಮುಖದ ಫೋಟೊ, ಪೂರ್ತಿ ದೇಹದ ಫೋಟೊ, ರೆಸ್ಯೂಮೆ, ಟೀಚರ ಶಿಫಾರಸು ಪತ್ರ ಎಲ್ಲ ಬೇಕು. ಗುರುಗಳ ಹತ್ತಿರ ಪತ್ರ ಕೇಳುವಾಗ, "ಒಳ್ಳೆ ಹುಡುಗಿ, ಶ್ರದ್ಧೆ ಇದೆ" ಅಂತಷ್ಟೇ ಬೇಡ, ಒಂದು ಘಟನೆ ಬರೆಯಿರಿ ಅಂತ ವಿನಯದಿಂದ ಕೇಳಿಕೊಳ್ಳಿ. ನಮ್ಮ ಗುರುಗಳು, ಮಗಳು ವರ್ಣ ಅನ್ನುವ ಉದ್ದನೆಯ ನೃತ್ಯವೊಂದನ್ನು ಕಾಲು ಉಳುಕಿದ್ದಾಗ ಕೂತುಕೊಂಡೇ ಅಭಿನಯ ಮಾಡಿ ಕಲಿತದ್ದನ್ನು ಬರೆದರು.

ಅರ್ಲಿ ಡಿಸಿಷನ್ ಬಗ್ಗೆ ಎಚ್ಚರ ಇರಲಿ. ಸೀಟು ಸಿಕ್ಕರೆ ಹೋಗಲೇಬೇಕು ಅನ್ನುವ ಕರಾರು ಅದು. ಡ್ಯಾನ್ಸಿಗೆ ಕೊಡುವ ಸ್ಕಾಲರ್‌ಶಿಪ್ ಒಂದೊಂದು ಕಡೆ ಒಂದೊಂದು ಥರ. ಎರಡು ಮೂರು ಪತ್ರ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಅದರಲ್ಲಿ ಹೋಗಿಬಿಡುತ್ತದೆ. ಹಣದ ಚಿಂತೆ ಇರುವ ಮನೆಯವರಿಗೆ ನಾನು ಅದು ಬೇಡ ಅಂತಲೇ ಹೇಳುತ್ತೇನೆ. ಭಾರತದಿಂದ ನೇರವಾಗಿ ಅರ್ಜಿ ಹಾಕುವವರಿಗೆ ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ಬೇಕು. ಅಮೆರಿಕ ಸರ್ಕಾರದ ಎಫ್‌ಎಎಫ್‌ಎಸ್‌ಎ ಅನ್ನುವ ಅರ್ಜಿಯ ಮೂಲಕ ಸಿಗುವ ಹಣದ ನೆರವು ಅವರಿಗೆ ಸಿಗುವುದಿಲ್ಲ. ಕಾಲೇಜು ತಾನಾಗಿ ಕೊಡುವ ಹಣವೇ ಗತಿ. ಅದನ್ನು ಮೊದಲೇ ಬರೆದು ಕೇಳಿ.

ಸ್ಕಾಲರ್‌ಶಿಪ್ ಪತ್ರ ಬಂದಾಗ ಎರಡು ಪ್ರಶ್ನೆ: ಇದು ನಾಲ್ಕೂ ವರ್ಷಕ್ಕಾ? ಪೆಟ್ಟಾಗಿ ಒಂದು ಸೆಮಿಸ್ಟರ್ ಕುಣಿಯಲು ಆಗದಿದ್ದರೆ ಏನು? ಉತ್ತರ ಇಮೇಲ್‌ನಲ್ಲಿ ಬರಲಿ. ಫೋನಿನಲ್ಲಿ ಸಾಲದು.

ಉತ್ತರಗಳು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಕ್ಕೆ ಬರುತ್ತವೆ. ಹೆಚ್ಚಿನ ಕಡೆ ಮೇ 1ರೊಳಗೆ ಒಪ್ಪಿಗೆ ಕೊಡಬೇಕು. ಆ ಒಂದು ತಿಂಗಳಲ್ಲಿ ಸಾಧ್ಯವಾದರೆ ಮತ್ತೊಮ್ಮೆ ಹೋಗಿ, ಆಡಿಷನ್ ಇಲ್ಲದ ಒಂದು ಸಾಮಾನ್ಯ ದಿನ ಕ್ಲಾಸ್ ನೋಡಿ ಬನ್ನಿ. ನಮಗೆ ಕೊನೆಗೆ ಉಳಿದದ್ದು ಎರಡು: ಹೆಸರಾಂತ ಬಿಎಫ್‌ಎ ಒಂದು, ಚಿಕ್ಕ ಕಾಲೇಜಿನ ಬಿಎ ಒಂದು. ಮಗಳು ಎರಡೂ ಕಡೆಯ ಮೂರನೇ ವರ್ಷದ ಟೈಮ್‌ಟೇಬಲನ್ನು ಫ್ರಿಜ್ ಮೇಲೆ ಅಂಟಿಸಿ ಹತ್ತು ದಿನ ಓಡಾಡಿದಳು. ಹನ್ನೊಂದನೇ ದಿನ ಬೆಳಿಗ್ಗೆ ಒಂದು ಹಾಳೆ ಮಾತ್ರ ಇತ್ತು. ಬಿಎ. ಮಂಗಳವಾರ ಬೆಳಿಗ್ಗೆ ಮಾಡರ್ನ್, ಮಧ್ಯಾಹ್ನ ನರವಿಜ್ಞಾನ, ಸಂಜೆ ರಿಹರ್ಸಲ್. ಮಧ್ಯಾಹ್ನದ ಸಾಲಿಗೆ ಅವಳೇ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು.